ಹೆಚ್ಚಾದ ಒಂದು ಗೂಟ

ಒತ್ತಿದ. ಏನೂ ಇಲ್ಲ.
ಮತ್ತೆ ಒತ್ತಿದ. ಫ್ಯಾನು ಕಾಲು ಸುತ್ತು ತಿರುಗಿ,
ನಿದ್ದೆಗಣ್ಣಲ್ಲಿ ಮಗ್ಗುಲು ಬದಲಿಸಿದವರ ಹಾಗೆ,
ನಿಂತುಬಿಟ್ಟಿತು.

ಹೊರಗೆ ಉಲಾನ್‌ಬಾತರ್, ಸೊನ್ನೆಗಿಂತ ಮೂವತ್ತೆರಡು ಕೆಳಗೆ.
ಕಲ್ಲಿದ್ದಲ ಹೊಗೆಯಲ್ಲಿ ಬೀದಿದೀಪಗಳು
ಹಳೇ ಬೆಣ್ಣೆಯ ಬಣ್ಣ.
ಆ ದೀಪಗಳಿಗೆ ಕರೆಂಟು ಕಳಿಸುವವಳು ನಾನು,
ವಿದ್ಯುತ್ ಸ್ಥಾವರದ ರಾತ್ರಿಪಾಳಿ, ಮೂರನೇ ಟರ್ಬೈನು.
ಬುಡದಲ್ಲೇ ಇಂಥ ಕತ್ತಲೆಯೇ ಎಂದು ನಗು ಬಂತು,
ತಮ್ಮನ ಮುಖ ನೋಡಿ ನುಂಗಿಕೊಂಡೆ.

ಹದಿನಾಲ್ಕು ತಿಂಗಳು ಟೈರು ಬಿಚ್ಚಿದ ಕೈ ಅದು.
ಸಂಬಳಕ್ಕೊಂದು ಡಬ್ಬಿ ಬಂದು
ಮಂಚದ ಕೆಳಗೆ ಕೂತಿತ್ತು.
ಪ್ರೊಸೆಸರು ಅಪ್ಪನ ನಶ್ಯದ ಸೀಸೆಯಷ್ಟೂ ಇಲ್ಲ,
ಬೆಲೆ ಮಾತ್ರ ಎರಡು ಕುರಿ, ಒಂದು ಕರು.
ಈಗ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ,
ಜಡೆ ಹೆಣೆದಷ್ಟು ಒಪ್ಪವಾಗಿ ತಂತಿಗಳು,
ಒಳಗಿನ ಬೆಳಕು ಕಾಣಲೆಂದು ಗಾಜಿನ ಬಾಗಿಲು.

"ಹಿಂದಿನ ಸ್ವಿಚ್ಚು ಹಾಕಿದ್ದೀಯಾ?" ಅಂದೆ.
ನೋಡಿದ ನೋಟಕ್ಕೆ ಹಾಲು ಹೆಪ್ಪುಗಟ್ಟಬೇಕು.
(ಮೊದಲ ಅರ್ಧ ಗಂಟೆ ಹಾಕಿರಲಿಲ್ಲ.
ಅದನ್ನು ನಾವು ಯಾರಿಗೂ ಹೇಳುವುದಿಲ್ಲ.)

ಈ ಒಣ ಚಳಿಯಲ್ಲಿ ಉಣ್ಣೆಯ ಕಾಲುಚೀಲದವರು
ನಡೆದಾಡುವ ಮಿಂಚು.
ಒಲೆಯ ಕಬ್ಬಿಣ ಮುಟ್ಟಿ ಚಟ್ ಎನಿಸಿಕೊಂಡು
ಆಮೇಲೆ ಒಳಗೆ ಕೈ ಹಾಕುತ್ತಿದ್ದ, ಪೂಜಾರಿಯ ಮಡಿಯಲ್ಲಿ.
ದಪ್ಪ ಕೇಬಲ್ ಕಿತ್ತು ಮತ್ತೆ ಕೂರಿಸಿದ, ಟಕ್ ಎನ್ನುವವರೆಗೆ.
ಮೂಲೆಯ ಎಂಟು ಪಿನ್ನಿನದನ್ನೂ.
ರ್‍ಯಾಮ್ ಪಟ್ಟಿಗಳನ್ನು ಅದಲುಬದಲು ಮಾಡಿದ.
ಗುಂಡಿ ಬ್ಯಾಟರಿ ತೆಗೆದು, ಉಸಿರು ಬಿಗಿಹಿಡಿದು, ನೂರು ಎಣಿಸಿ...
ಕಾಲು ಸುತ್ತು. ಮತ್ತೆ ಹೆಣ.

ಆಗ ಬಂದವನು ದುಗರ್ಜಾವ್ ತಾತ,
ಪಕ್ಕದ ಉಣ್ಣೆಗುಡಾರದಿಂದ, ಉಪ್ಪು ಕೇಳಲು.
ಟೋಪಿ ತೆಗೆಯದೆ ಸ್ಟೂಲಿನ ಮೇಲೆ ಕೂತು
ತುಂಬ ಹೊತ್ತು ನೋಡಿದ. ಆಮೇಲೆ:
"ಏಳದ ಒಂಟೆಯನ್ನು ಗದರಿಸಬಾರದು, ಹುಡುಗ.
ಹೊರೆ ಇಳಿಸು. ಒಂದೊಂದೇ ಇಳಿಸು.
ಯಾವುದು ಇಳಿದಾಗ ಎದ್ದೀತು, ಅದನ್ನು ನೋಡು."
ಉಪ್ಪು ತೆಗೆದುಕೊಂಡು ಹೊರಟೇಹೋದ,
ಎದ್ದಿತೋ ಇಲ್ಲವೋ ಎಂದು ಕಾಯದೆ.

ಇಳಿಸಿದೆವು. ಗ್ರಾಫಿಕ್ಸ್ ಕಾರ್ಡು ಇಳಿಯಿತು,
ಡಿಸ್ಕು, ಒಂದು ರ್‍ಯಾಮು, ಬಣ್ಣದ ದೀಪದ ಪಟ್ಟಿ.
ಏಳಲಿಲ್ಲ.
ಕೊನೆಗೆ ಬೋರ್ಡನ್ನೇ ಗೂಡಿನಿಂದ ಎತ್ತಿ
ಅದು ಬಂದಿದ್ದ ರಟ್ಟಿನ ಮೇಲೆ ಮಲಗಿಸಿದೆವು.
ಗುಂಡಿ ಪೆಟ್ಟಿಗೆಯಲ್ಲೇ ಉಳಿಯಿತಲ್ಲ,
ಸ್ಕ್ರೂಡ್ರೈವರಿನ ತುದಿಯಿಂದ
ಗೋಧಿತೆನೆಯ ಮೀಸೆಯಂಥ ಎರಡು ಸೂಜಿಗಳನ್ನು
ಅರೆಕ್ಷಣ ಸೇರಿಸಿದ.

ಫ್ಯಾನು ತಿರುಗಿತು.
ತಿರುಗುತ್ತಲೇ ಇತ್ತು.

ಬರಿದಾದ ಪೆಟ್ಟಿಗೆಗೆ ಟಾರ್ಚು ಬಿಟ್ಟೆ.
ಹಿತ್ತಾಳೆಯ ಪುಟ್ಟ ಗೂಟಗಳು, ಬೋರ್ಡನ್ನು ಎತ್ತಿ ಹಿಡಿಯಲು.
ಅವುಗಳಲ್ಲೊಂದು, ಬೋರ್ಡಿನಲ್ಲಿ ತೂತೇ ಇಲ್ಲದ ಕಡೆ,
ಬೆಸುಗೆಯ ಬೆನ್ನಿಗೆ ಒತ್ತಿಕೊಂಡು ನಿಂತಿತ್ತು.
ಸ್ಥಾವರದಲ್ಲಾಗಿದ್ದರೆ ವಾಸನೆಯಲ್ಲೇ ಹಿಡಿಯುತ್ತಿದ್ದೆ:
ಎಲ್ಲೋ ನೆಲಕ್ಕೆ ತಾಗಿದ ತಂತಿ, ತಾನಾಗಿ ಬಿದ್ದ ಬ್ರೇಕರು.
ಸತ್ತಿರಲಿಲ್ಲ ಅದು.
ಪ್ರತಿ ಸಲ ಒತ್ತಿದಾಗಲೂ ಎದ್ದು, ಅಪಾಯ ಕಂಡು,
ಸುಟ್ಟುಹೋಗದಂತೆ ತನ್ನನ್ನೇ ಆರಿಸಿಕೊಳ್ಳುತ್ತಿತ್ತು.

ಗಣಿ ಬಿಟ್ಟು ಬಂದ ದಿನದಿಂದ ಇವನನ್ನೂ
ಹೀಗೇ ಒತ್ತಿದ್ದೆನಲ್ಲ ನಾನು.
ಏನಾಯಿತು, ಹೇಳು. ಏನಾಯಿತು, ಹೇಳು.
ಬಾಯಿ ಕಾಲು ಸುತ್ತು ತೆರೆದು ಮುಚ್ಚುತ್ತಿತ್ತು.

ಗೂಟ ಬಿಚ್ಚಿ ನನ್ನ ಅಂಗೈಗೆ ಹಾಕಿದ.
ಎಲ್ಲ ಮತ್ತೆ ಜೋಡಿಸುವಷ್ಟರಲ್ಲಿ ನಾಲ್ಕು ಗಂಟೆ.
ಪರದೆಯ ಮೇಲೆ ಬಿಳಿ ಅಕ್ಷರ:
ಬೂಟ್ ಮಾಡಲು ಏನೂ ಸಿಗಲಿಲ್ಲ.
ಪಾಸಾದ ಪಟ್ಟಿಯಲ್ಲಿ ಹೆಸರು ಕಂಡವನ ಹಾಗೆ
ಎರಡೆರಡು ಸಲ ಓದಿದ.

"ಅಕ್ಕಾ, ಗಣಿಯಲ್ಲಿ ಒಂದು ರಾತ್ರಿ..." ಎಂದು ಶುರುಮಾಡಿದವನು
ನಿಲ್ಲಿಸಿ, ಕೆಳಗೆ ಬಿದ್ದ ಸ್ಕ್ರೂ ಹುಡುಕತೊಡಗಿದ.

ನಾನು ಒತ್ತಲಿಲ್ಲ.
ಚಹಾಕ್ಕೆ ಹಾಲು ಸುರಿದು, ಉಪ್ಪಿಗೆ ಕೈ ಚಾಚಿದರೆ
ಡಬ್ಬಿ ಖಾಲಿ.
ಪೂರ್ತಿ ತಾತ ಒಯ್ದಿದ್ದ.